ಮೂವತ್ತು ಜನಕ್ಕೂ ರೇಟಿಂಗ್ ನಡೆಯುತ್ತದೆ: ಬೆಂಗಳೂರಿನಲ್ಲಿ ಗೋ ರೇಟಿಂಗ್ ಮಾಡಿದ ನನ್ನ ಅನುಭವ

ಗೋ ಅಂದರೆ ಕಪ್ಪು, ಬಿಳಿ ಕಲ್ಲುಗಳನ್ನ ಬೋರ್ಡ್ ಮೇಲೆ ಇಟ್ಟು ಇಬ್ಬರು ಆಡುವ ಆಟ. ಗಟ್ಟಿ ಆಟಗಾರ ಬಿಳಿ ಹಿಡಿದು, ಎದುರಿನವರಿಗೆ ಶುರುವಿನಲ್ಲೇ ಕೆಲವು ಕಪ್ಪು ಕಲ್ಲು ಬಿಟ್ಟುಕೊಡೋದು ಹ್ಯಾಂಡಿಕ್ಯಾಪ್. ಹೋದ ವರ್ಷದಿಂದ ನಮ್ಮ ಹ್ಯಾಂಡಿಕ್ಯಾಪ್ ಆಟಗಳಲ್ಲಿ ಕಪ್ಪು ನೂರಕ್ಕೆ ಹೆಚ್ಚುಕಮ್ಮಿ 48 ಆಟ ಗೆಲ್ಲುತ್ತಿದೆ. ಗೋ ಆಡುವವರಿಗೆ ಇದರ ಬೆಲೆ ಗೊತ್ತು. ಯಾರಿಗೆ ಎಷ್ಟು ಕಲ್ಲು ಕೊಡಬೇಕು ಅಂತ ನಮ್ಮ ರೇಟಿಂಗ್ ಶೀಟ್, ಅಂದರೆ ಪ್ರತಿ ಆಟಗಾರನ ಬಲವನ್ನ ನಂಬರಿನಲ್ಲಿ ಇಟ್ಟ ಪಟ್ಟಿ, ಹೇಳುತ್ತದೆ. ಅಷ್ಟು ಕೊಟ್ಟು ಕೂತರೆ ಆಟ ಸರಿಸಮ ಆಗುತ್ತದೆ. ಇದು ಆಗೋ ಕೆಲಸ ಅಲ್ಲ ಅಂದವರೇ ಜಾಸ್ತಿ. ಚೆಸ್ ಟೂರ್ನಮೆಂಟ್‌ಗಳಲ್ಲಿ ಆರ್ಬಿಟರ್, ಅಂದರೆ ತೀರ್ಪುಗಾರ, ಆಗಿರುವ ಹಿರಿಯರೊಬ್ಬರು ಮುಖದ ಮೇಲೇ ಹೇಳಿದ್ದರು: "ಏನ್ರೀ, ಇಪ್ಪತ್ತು ಮೂವತ್ತು ಜನಕ್ಕೆ ರೇಟಿಂಗಾ? ಸುಮ್ನೆ ಗೆದ್ದೋರ ಹೆಸರು ಬರ್ಕೊಳ್ಳಿ, ಸಾಕು."

ಮೊದಲು ಹಾಕಿದ್ದು ಎಲೋ, ಅಂದರೆ ಚೆಸ್‌ನವರ ರೇಟಿಂಗ್ ಲೆಕ್ಕ. ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ. ಚೆಸ್‌ನ ವಿಶ್ವ ಸಂಸ್ಥೆ ಫಿಡೆ ಥರಾನೇ ಕೆ, ಅಂದರೆ ಒಂದು ಆಟಕ್ಕೆ ರೇಟಿಂಗ್ ಹೆಚ್ಚೆಂದರೆ ಎಷ್ಟು ಅಲುಗಬಹುದು ಅನ್ನೋದು, ಹೊಸಬರಿಗೆ 40, ಹಳಬರಿಗೆ 20. ಚೆಸ್‌ನಲ್ಲಿ ಇದು ಚೆನ್ನಾಗಿ ನಡೆಯುತ್ತದೆ, ಯಾಕೆಂದರೆ ಅಲ್ಲಿ ಆಟಗಳು ರಾಶಿ ರಾಶಿ. ನಮಗೆ ವರ್ಷಕ್ಕೆ ಮೂರೋ ನಾಲ್ಕೋ ಟೂರ್ನಮೆಂಟ್. ಮೇಲಾಗಿ ಅರ್ಧಕ್ಕರ್ಧ ಆಟ ಹ್ಯಾಂಡಿಕ್ಯಾಪ್.

ಮೊದಲ ಪೆಟ್ಟು ಬಿದ್ದಿದ್ದು ಹ್ಯಾಂಡಿಕ್ಯಾಪ್‌ನಲ್ಲೇ. ನಾಲ್ಕು ಕಲ್ಲು ಕೊಟ್ಟರೆ ನಾಲ್ಕು ರ‍್ಯಾಂಕಿನ ಅಂತರ ಮುಚ್ಚಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಮುಚ್ಚುವುದಿಲ್ಲ, ಮೂರೂವರೆ ಮಾತ್ರ ಮುಚ್ಚುತ್ತದೆ. ಸಮ ಆಟದಲ್ಲಿ ಕಪ್ಪು ಮೊದಲು ಆಡುವುದಕ್ಕೆ ಬದಲಾಗಿ ಬಿಳಿಗೆ ಕೊಡುವ ಪಾಯಿಂಟ್ ಕೋಮಿ. ಅದು ಇಲ್ಲದೆ ಕಪ್ಪು ಮೊದಲು ಆಡುವುದೇ ಅರ್ಧ ಕಲ್ಲಿನ ಲಾಭ. ಹ್ಯಾಂಡಿಕ್ಯಾಪ್‌ನ ಮೊದಲ ಕಲ್ಲು ಅಂದರೆ ಅಷ್ಟೇ, ಅರ್ಧ. ಎರಡು ಕಲ್ಲು ಅಂದರೆ ಒಂದೂವರೆ, ಮೂರು ಅಂದರೆ ಎರಡೂವರೆ. ಯುರೋಪಿನ ಗೋ ಫೆಡರೇಷನ್ ಲೆಕ್ಕದಲ್ಲೂ ಹ್ಯಾಂಡಿಕ್ಯಾಪ್‌ನಿಂದ ಅರ್ಧ ಕಳೆದೇ ನೂರರಿಂದ ಗುಣಿಸುತ್ತಾರೆ. ಈ ಅರ್ಧ ಬಿಟ್ಟರೆ ಬಿಳಿ ಆಡುವವರು ಪ್ರತಿ ಆಟದಲ್ಲೂ ಪುಕ್ಕಟೆ ಪಾಯಿಂಟ್ ತಗೊಳ್ತಾ ಹೋಗುತ್ತಾರೆ. ನಮ್ಮ ಪಟ್ಟಿಯಲ್ಲಿ ಮೇಲಿನವರು ಮೇಲಕ್ಕೆ, ಕೆಳಗಿನವರು ಪಾತಾಳಕ್ಕೆ ಹೋದರು. ಆರು ತಿಂಗಳಲ್ಲಿ ಪಟ್ಟಿ ರಬ್ಬರಿನಂತೆ ಎಳೆದುಕೊಂಡಿತ್ತು.

ಎರಡನೇ ತೊಂದರೆ ಮಕ್ಕಳು. ಹತ್ತು ಹನ್ನೆರಡು ವರ್ಷದ ಮಗು ಬೇಸಿಗೆ ರಜೆಯಲ್ಲಿ ಆನ್‌ಲೈನ್‌ನಲ್ಲಿ ಕೂತರೆ ಐದು ರ‍್ಯಾಂಕ್ ಏರಿ ಬರುತ್ತದೆ. ಆದರೆ ಶೀಟ್‌ನಲ್ಲಿ ಇನ್ನೂ ಹಳೆಯ ನಂಬರ್. ಅದರ ಕೈಯಲ್ಲಿ ಸೋತವರೆಲ್ಲ ಪಾಯಿಂಟ್ ಕಳೆದುಕೊಳ್ಳುತ್ತಾರೆ. ಯಾರ ಆಟವೂ ಕೆಟ್ಟಿಲ್ಲ, ಆದರೂ ಇಡೀ ಪಟ್ಟಿ ಇಳಿಯುತ್ತದೆ. ಯುರೋಪಿನವರು ಇದಕ್ಕೇ ಅಂತ ಪ್ರತಿ ಆಟಕ್ಕೂ ಚೂರು ಬೋನಸ್ ಸೇರಿಸಿದ್ದಾರೆ, ಕೆಳಗಿನವರಿಗೆ ಜಾಸ್ತಿ.

ಗೋದಲ್ಲಿ ಕಲಿಯುವವರ ಮಟ್ಟ ಕ್ಯೂ, ಅಲ್ಲಿ ನಂಬರ್ ಇಳಿದಷ್ಟೂ ಆಟ ಗಟ್ಟಿ. 1 ಕ್ಯೂ ಆದ ಮೇಲೆ ಡಾನ್, ಅಲ್ಲಿ ನಂಬರ್ ಏರಿದಷ್ಟೂ ಗಟ್ಟಿ. ಯುರೋಪಿನ ಲೆಕ್ಕವನ್ನೂ ಹಾಕಿ ನೋಡಿದೆ. ಒಂದು ರ‍್ಯಾಂಕಿಗೆ 100 ಪಾಯಿಂಟ್, 20 ಕ್ಯೂ ಅಂದರೆ 100, 1 ಡಾನ್ ಅಂದರೆ 2100. ಇದರಲ್ಲಿ ನನಗೆ ತುಂಬಾ ಇಷ್ಟವಾದ ವಿಷಯ ಒಂದಿದೆ. ಒಂದು ರ‍್ಯಾಂಕಿನ ಅಂತರಕ್ಕೆ ಎಲ್ಲ ಕಡೆ ಒಂದೇ ಬೆಲೆ ಇಲ್ಲ. 2 ಡಾನ್ ಆಟಗಾರ 1 ಡಾನ್ ಮೇಲೆ ಸಮ ಆಟದಲ್ಲಿ ನೂರಕ್ಕೆ ಸುಮಾರು 65 ಗೆಲ್ಲುತ್ತಾನೆ. 19 ಕ್ಯೂ 20 ಕ್ಯೂ ಮೇಲೆ ಗೆಲ್ಲೋದು 55ರ ಆಸುಪಾಸು. ಕೆಳಗಿನವರ ಆಟದಲ್ಲಿ ಏರುಪೇರು ಜಾಸ್ತಿ, ಅಲ್ವಾ? ಹಾಗೇ ಒಂದು ಆಟಕ್ಕೆ ರೇಟಿಂಗ್ ಎಷ್ಟು ಅಲುಗಬಹುದು ಅನ್ನೋದೂ ಬೇರೆ ಬೇರೆ. 20 ಕ್ಯೂಗೆ 80ಕ್ಕಿಂತ ಮೇಲೆ, 1 ಡಾನ್‌ಗೆ ಹದಿನೇಳು ಹದಿನೆಂಟು. ಲೆಕ್ಕ ಬಹಳ ಚೆನ್ನಾಗಿದೆ. ಆದರೆ ಅವರಲ್ಲಿ ವರ್ಷಪೂರ್ತಿ ಒಂದಲ್ಲ ಒಂದು ಊರಲ್ಲಿ ಟೂರ್ನಮೆಂಟ್ ಇರುತ್ತದೆ. ನಮ್ಮಷ್ಟು ಕಮ್ಮಿ ಆಟಕ್ಕೆ ಅದು ನಿಧಾನವಾಯಿತು.

ಕೊನೆಗೆ ಕೈ ಹಿಡಿದಿದ್ದು ಅಮೆರಿಕನ್ ಗೋ ಅಸೋಸಿಯೇಷನ್ ದಾರಿ. ಅಲ್ಲಿ ಪ್ರತಿಯೊಬ್ಬರಿಗೂ ಎರಡು ನಂಬರ್. ಒಂದು ರೇಟಿಂಗ್, ಇನ್ನೊಂದು ಸಿಗ್ಮಾ. ಸಿಗ್ಮಾ ಅಂದರೆ ಆ ರೇಟಿಂಗ್ ಮೇಲೆ ನಮಗೆ ಎಷ್ಟು ಅನುಮಾನ ಇದೆ ಅನ್ನೋದು. ಆಡದೆ ಕೂತರೆ ಸಿಗ್ಮಾ ದಿನದಿಂದ ದಿನಕ್ಕೆ ಬೆಳೆಯುತ್ತದೆ, ಆಡಿದರೆ ಕುಗ್ಗುತ್ತದೆ. ಟೂರ್ನಮೆಂಟ್ ಮುಗಿದ ಮೇಲೆ ಒಂದೊಂದೇ ಆಟ ಎತ್ತಿಕೊಳ್ಳೋದಿಲ್ಲ. ಎಲ್ಲ ಆಟಗಳನ್ನೂ ಒಟ್ಟಿಗೆ ಇಟ್ಟು, ಈ ಫಲಿತಾಂಶಗಳಿಗೆ ಯಾವ ರೇಟಿಂಗ್‌ಗಳು ಚೆನ್ನಾಗಿ ಹೊಂದುತ್ತವೆ ಅಂತ ಹುಡುಕೋದು. ನಾನು ಶುರುವಿನಲ್ಲಿ ಎಕ್ಸೆಲ್‌ನ ಸಾಲ್ವರ್‌ನಲ್ಲೇ ಮಾಡಿದೆ, ಈಗ ಪೈಥಾನ್. ಒಂದು ಮಾತು: ಸಿಗ್ಮಾ ಹಾಕದೆ ಸಾಲ್ವರ್ ಓಡಿಸಬೇಡಿ. ಎಲ್ಲ ಆಟ ಗೆದ್ದವನ ರೇಟಿಂಗ್ ಎಲ್ಲೂ ನಿಲ್ಲದೆ ಮೇಲಕ್ಕೆ ಓಡುತ್ತಲೇ ಇರುತ್ತದೆ.

ಅವರ ಅಳತೆಯಲ್ಲಿ ಡಾನ್ ಅಂದರೆ ಪ್ಲಸ್, ಕ್ಯೂ ಅಂದರೆ ಮೈನಸ್. 2.5 ಅಂದರೆ 2 ಡಾನ್, ಮೈನಸ್ 3.5 ಅಂದರೆ 3 ಕ್ಯೂ. ಪ್ಲಸ್ 1 ಮತ್ತು ಮೈನಸ್ 1ರ ನಡುವೆ ಏನೂ ಇಲ್ಲ, ಖಾಲಿ. ಲೆಕ್ಕ ಮಾಡುವಾಗ ಆ ಖಾಲಿ ಜಾಗ ಮುಚ್ಚಬೇಕು: ಡಾನ್‌ನಿಂದ 1 ಕಳೆಯಿರಿ, ಕ್ಯೂಗೆ 1 ಕೂಡಿಸಿ. ಮೇಲಿನ ಇಬ್ಬರದು 1.5 ಮತ್ತು ಮೈನಸ್ 2.5 ಆಗುತ್ತದೆ, ಅಂತರ 4. ಹಾಗೇ ಕಳೆದರೆ 6 ಬರುತ್ತದೆ. ಎರಡು ಕಲ್ಲು ಹೆಚ್ಚುಕಮ್ಮಿ ಆದರೆ ಆಟವೇ ಬೇರೆ.

ಇದು ಕೆಲಸ ಮಾಡುತ್ತದೆ ಅಂತ ಎಲ್ಲರಿಗೂ ಮನವರಿಕೆ ಆಗಿದ್ದು ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿಯಿಂದ. ರಜೆಗೆ ಮುಂಚೆ ಮೈನಸ್ 14ರ ಹತ್ತಿರ ಇದ್ದಳು. ಜೂನ್ ಟೂರ್ನಮೆಂಟಿಗೆ ಬಂದಾಗ ಅವಳ ಸಿಗ್ಮಾ ಚೆನ್ನಾಗಿ ಊದಿತ್ತು. ಹಳೆಯ ರೇಟಿಂಗ್ ಪ್ರಕಾರ 9 ಕ್ಯೂ ಆಡುವವರು ಅವಳಿಗೆ ಐದು ಕಲ್ಲು ಕೊಟ್ಟರು. ಎಲ್ಲರನ್ನೂ ಸಲೀಸಾಗಿ ಹೊಡೆದು ಹಾಕಿದಳು. ಬ್ಯಾಂಕಿನಿಂದ ರಿಟೈರ್ ಆದ ಒಬ್ಬರು ಬೇಜಾರಿನಿಂದ ಬಂದರು. "ನಂದು ಒಂದು ರ‍್ಯಾಂಕ್ ಹೋಯ್ತಲ್ವಾ?" ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದೆ. "ಇಲ್ಲ ಸಾರ್, ನಿಮ್ಮದು ಬರೀ 0.2. ಅವಳದು ನೋಡಿ." ಹುಡುಗಿ ಒಂದೇ ಟೂರ್ನಮೆಂಟಿನಲ್ಲಿ ಮೈನಸ್ 9ಕ್ಕೆ ಬಂದಿದ್ದಳು. ಅವರ ಸಿಗ್ಮಾ ಚಿಕ್ಕದು, ಅವಳದು ದೊಡ್ಡದು. ಅನುಮಾನ ಎಲ್ಲಿದೆಯೋ ಬದಲಾವಣೆಯೂ ಅಲ್ಲೇ ಹೋಗಿ ಕೂತಿತು. ಎಲೋದಲ್ಲಿ ಇದೇ ಕೆಲಸಕ್ಕೆ ಒಂದು ವರ್ಷ ಹಿಡಿಯುತ್ತಿತ್ತು, ಜೊತೆಗೆ ಆ ಹಿರಿಯರ ಮನಸ್ತಾಪ ಬೇರೆ.

ಮಕ್ಕಳ ಶುರುವಿನ ಸಿಗ್ಮಾ ಎಷ್ಟು ಇಡುತ್ತೇನೆ ಅಂತ ಕೇಳಬೇಡಿ. ಅದು ವರ್ಷಗಟ್ಟಲೆ ತಿದ್ದಿ ತಿದ್ದಿ ಸಿಕ್ಕ ನಂಬರ್. ದೊಡ್ಡವರದಕ್ಕಿಂತ ಜಾಸ್ತಿ ಅಂತಷ್ಟೇ ಹೇಳುತ್ತೇನೆ. ಸಿಗ್ಮಾ ದೊಡ್ಡದಿರುವವರ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತೇನೆ. ಅದು ಆನ್‌ಲೈನ್ ಗೋ ಆಡುವ ಕೆಜಿಎಸ್ ಸರ್ವರ್‌ನಿಂದ ಕಲಿತದ್ದು, ಜನರಿಗೆ ತಕ್ಷಣ ಅರ್ಥ ಆಗುತ್ತದೆ.

ಇನ್ನು ಜಯನಗರ ಮತ್ತು ವೈಟ್‌ಫೀಲ್ಡ್. ನಮ್ಮದು ಎರಡು ಗುಂಪು, ಒಬ್ಬರ ಜೊತೆ ಒಬ್ಬರು ಆಡುವುದು ಅಪರೂಪ. ಒಳಗೊಳಗೇ ಆಡಿದರೆ ಎರಡೂ ಪಟ್ಟಿ ತಮ್ಮಷ್ಟಕ್ಕೆ ಸರಿ, ಹೋಲಿಸಿದರೆ ಸುಳ್ಳು. ವೈಟ್‌ಫೀಲ್ಡ್‌ನವರ ರೇಟಿಂಗ್ ಸುಮಾರು ಎರಡು ಕಲ್ಲು ಕೆಳಗಿತ್ತು. 2023ರ ಅಕ್ಟೋಬರ್‌ನಲ್ಲಿ ಮೆಟ್ರೋದ ನೇರಳೆ ಲೈನ್ ಪೂರ್ತಿ ಆದ ಮೇಲೆ ದಾರಿ ಸಿಕ್ಕಿತು. ಜಯನಗರದಲ್ಲಿ ಹಸಿರು ಲೈನ್ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿದರೆ ಟ್ರಾಫಿಕ್ ಗೋಳಿಲ್ಲ. ರೇಟಿಂಗ್ ಸ್ಥಿರವಾಗಿರುವ ಮೂರು ನಾಲ್ಕು ಜನರನ್ನ ಆರಿಸಿ ಕಳಿಸಿದೆ, ಮೆಟ್ರೋ ಖರ್ಚು ನಮ್ಮ ನಿಧಿಯಿಂದ. ಬಂದ ಫಲಿತಾಂಶ ಸೇರಿಸಿ, ಹಿಂದಿನ ಎಲ್ಲ ಆಟಗಳನ್ನೂ ಮೊದಲಿಂದ ಒಟ್ಟಿಗೆ ಲೆಕ್ಕ ಹಾಕಿದೆ. ಫ್ರೆಂಚ್ ಸಂಶೋಧಕ ರೆಮಿ ಕೂಲೋಂ 2008ರಲ್ಲಿ ಪ್ರಕಟಿಸಿದ ವಿಧಾನದ ದಾರಿ ಇದು. ಎಷ್ಟು ಜನರನ್ನ ಕಳಿಸಿದೆವು ಅನ್ನೋದಕ್ಕಿಂತ ಯಾರನ್ನ ಕಳಿಸಿದೆವು ಅನ್ನೋದು ಮುಖ್ಯ. ಆ ಆಯ್ಕೆ ಹೇಗೆ ಅನ್ನೋದೂ ನನ್ನ ಹತ್ತಿರಾನೇ ಇರಲಿ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಗೋ ಆಡುವ ಗ್ನೂ ಗೋ ಅನ್ನೋ ಕಂಪ್ಯೂಟರ್ ಪ್ರೋಗ್ರಾಂ ಅನ್ನು 10 ಕ್ಯೂ ಅಂತ ಪಟ್ಟಿಯಲ್ಲಿ ಗೂಟ ಹೊಡೆದು ನಿಲ್ಲಿಸಿದೆ. ಅದು ಕಲಿಯಲ್ಲ, ಮರೆಯಲ್ಲ, ಹಾಗಾಗಿ ಅಳತೆಗೋಲು ಆಗುತ್ತದೆ ಅನ್ನೋ ಲೆಕ್ಕ. ಕೆಲವು ತಿಂಗಳು ಚೆನ್ನಾಗಿತ್ತು. ಆಮೇಲೆ ಹುಡುಗರು ಅದು ಎಲ್ಲಿ ಎಡವುತ್ತದೆ ಅಂತ ಪತ್ತೆ ಹಚ್ಚಿ ಬಿಟ್ಟರು, ಅಲ್ಲೇ ಹೊಡೆದರು. ಈಗ ಹೊಸಬರ ಮೊದಲ ಒಂದೆರಡು ಆಟಕ್ಕೆ ಮಾತ್ರ ಅದು. ಮಾಮೂಲಿ 19 ಗೆರೆಯ ಬೋರ್ಡ್ ಅಲ್ಲದೆ 9 ಗೆರೆಯ ಚಿಕ್ಕ ಬೋರ್ಡಿನ ಆಟಗಳನ್ನ ಸೇರಿಸಿ ನೋಡಿದೆ, ಪಟ್ಟಿ ಕೆಟ್ಟಿತು, ತೆಗೆದೆ. 13ರ ಬೋರ್ಡ್ ಉಳಿಸಿಕೊಂಡಿದ್ದೇನೆ.

ದುಡ್ಡಿನ ಮಾತು. ಗಾಜಿನ ಕಲ್ಲಿನ ಸೆಟ್ ಹೊರಗಿಂದ ತರಿಸಿದರೆ ಮೂರೂವರೆ ಸಾವಿರ, ಕಸ್ಟಮ್ಸ್ ಬೇರೆ. ಚನ್ನಪಟ್ಟಣದಲ್ಲಿ ಮರದ ಕಲ್ಲು ಮಾಡಿಸಿದೆ, ಕಪ್ಪು 181, ಬಿಳಿ 180. ಅರಗಿನ ಬಣ್ಣ ಕಣ್ಣಿಗೆ ಹಬ್ಬ. ಆದರೆ ಒಂದಕ್ಕೆ ಎಂಟೊಂಬತ್ತು ರೂಪಾಯಿ ಬಿತ್ತು, ಸೆಟ್‌ಗೆ ಮೂರು ಸಾವಿರ ದಾಟಿತು. ತೂಕ ಇಲ್ಲ, ಬೋರ್ಡ್ ಅಲ್ಲಾಡಿದರೆ ಜರುಗುತ್ತವೆ. ಮಕ್ಕಳ ಕ್ಲಾಸಿಗೆ ಇಟ್ಟಿದ್ದೇನೆ. ಜಾಗದ್ದೇ ದೊಡ್ಡ ಖರ್ಚು. ಒಂದು ಕಾಫಿ ಅಂಗಡಿಯವರು ಮೊದಲು ಪುಕ್ಕಟೆ ಅಂದರು, ಆಮೇಲೆ ಟೇಬಲ್‌ಗೆ ಗಂಟೆಗೆ 200 ಕೇಳಿದರು. ಅಪಾರ್ಟ್‌ಮೆಂಟಿನ ಕ್ಲಬ್‌ಹೌಸ್‌ಗೆ ಬಂದೆವು. ಎಂಟ್ರಿ 150 ಇದ್ದದ್ದು ಈಗ 250. ಅದರಲ್ಲಿ 30 ರೂಪಾಯಿ ರೇಟಿಂಗ್ ನಿಧಿಗೆ, ಅಂದರೆ ಮೆಟ್ರೋಗೆ.

ಆ ಆರ್ಬಿಟರ್ ಹೋದ ಟೂರ್ನಮೆಂಟಿಗೆ ಬಂದಿದ್ದರು. ಪಟ್ಟಿ ಪ್ರಕಾರ ಆರು ಕಲ್ಲು ತಗೊಂಡು ಆಡಿ, ಮೂರೇ ಪಾಯಿಂಟಿನಲ್ಲಿ ಸೋತರು. ಆಮೇಲೆ ಶೀಟ್ ಕೇಳಿದರು. ಕೊಟ್ಟೆ. ಮೈಸೂರು, ಮಂಗಳೂರು ಕಡೆ ಯಾರಾದರೂ ಗುಂಪು ನಡೆಸುತ್ತಿದ್ದರೆ ನಿಮಗೂ ಕೊಡುತ್ತೇನೆ. ಹ್ಯಾಂಡಿಕ್ಯಾಪ್ ಕಾಲಂ ತೆರೆದಿರುತ್ತದೆ, ಶುರುವಿನ ಸಿಗ್ಮಾ ಕಾಲಂ ಮಾತ್ರ ಲಾಕ್.