ಹಳೇ ಸಿ10 ಪಿಕಪ್‌ಗೆ ಪವರ್ ಸ್ಟೇರಿಂಗ್ ಬಾಕ್ಸ್ ಹಾಕಿದ ನನ್ನ ಅನುಭವ

ನನ್ನ ಹತ್ರ ಇರೋದು 1970ರ ಶೆವ್ರೊಲೆ ಸಿ10, 250 ಕ್ಯೂಬಿಕ್ ಇಂಚಿನ ಇನ್‌ಲೈನ್ ಸಿಕ್ಸ್ ಇಂಜಿನ್ (ಆರು ಸಿಲಿಂಡರ್ ಒಂದೇ ಸಾಲಲ್ಲಿರೋದು), ಕಂಪನಿಯಿಂದ ಬಂದಾಗ್ಲೇ ಮ್ಯಾನ್ಯುಯಲ್ ಸ್ಟೇರಿಂಗ್. ಪಾರ್ಕ್ ಮಾಡೋವಾಗ ಕೈ ಭುಜ ಬೆನ್ನು ಎಲ್ಲಾ ಹಾಕಿ ತಿರುಗಿಸ್ಬೇಕು, ಅದು ಹೋಗ್ಲಿ, ಅಭ್ಯಾಸ ಆಗಿತ್ತು. ನಾನು ಸ್ಟೇರಿಂಗ್ ಬಾಕ್ಸ್ (ಸ್ಟೇರಿಂಗ್ ತಿರುಗಿಸಿದ್ದನ್ನ ಮುಂದಿನ ಚಕ್ರಗಳಿಗೆ ತಲುಪಿಸೋ ಗೇರ್ ಪೆಟ್ಟಿಗೆ) ಬದಲಾಯಿಸೋಕೆ ಕಾರಣ ಆ ಭಾರ ಅಲ್ಲ. ನೇರ ರಸ್ತೇಲಿ ಹೋಗ್ತಾ ಇದ್ರೆ ಸ್ಟೇರಿಂಗ್ ವೀಲನ್ನ ಎರಡೂವರೆ ಇಂಚು ಆಕಡೆ ಈಕಡೆ ಆಡಿಸಿದ್ರೂ ಗಾಡಿಗೆ ಏನೂ ಗೊತ್ತೇ ಆಗ್ತಿರ್ಲಿಲ್ಲ, ಎದುರಿಂದ ದೊಡ್ಡ ಲಾರಿ ಪಕ್ಕದಲ್ಲಿ ಹಾದುಹೋದಾಗ ಗಾಳಿಗೆ ಗಾಡಿ ಒಂದು ಕಡೆ ಎಳೆಯೋದು, ಅದನ್ನ ಸರಿ ಮಾಡೋಕೆ ಹೋದ್ರೆ ಮೊದಲು ಆ ಆಟ (ಸಡಿಲದಿಂದ ಆಗೋ ಖಾಲಿ ಅಲುಗಾಟ) ಮುಗಿಯೋ ತನಕ ಖಾಲಿ ತಿರುಗಿ ಆಮೇಲೆ ಒಂದೇ ಸಲ ಹಿಡಿಯೋದು. ಪಕ್ಕದಲ್ಲಿ ಮನೆಯವರನ್ನ ಕೂರಿಸ್ಕೊಂಡು ಹೋಗೋಕೆ ಭಯ ಆಗ್ತಿತ್ತು.

ಎರಡು ವರ್ಷ ನಾನು ಮಾಡಿದ್ದು ಒಂದೇ ಕೆಲಸ, ಬಾಕ್ಸ್ ಮೇಲಿರೋ ಅಡ್ಜಸ್ಟಿಂಗ್ ಸ್ಕ್ರೂ ಲಾಕ್‌ನಟ್ ಸಡಿಲಿಸಿ ಕಾಲು ಸುತ್ತು ಟೈಟ್ ಮಾಡೋದು. ಆಟ ಕಮ್ಮಿ ಆಗ್ತಿತ್ತು, ಖುಷಿ ಆಗ್ತಿತ್ತು, ಆದ್ರೆ ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗೇ ವಾಪಸ್ ಬರೋದು ನಿಂತೋಯ್ತು. ಇದು ಯಾಕೆ ಅಂತ ಬಾಕ್ಸ್ ಬಿಚ್ಚಿದ ಮೇಲೇ ನಂಗೆ ಪೂರ್ತಿ ಅರ್ಥ ಆಗಿದ್ದು, ಅದನ್ನ ಇಲ್ಲೇ ಹೇಳ್ಬಿಡ್ತೀನಿ ಯಾಕಂದ್ರೆ ಈ ಸ್ಕ್ರೂ ತುಂಬಾ ಜನ ತಿರುಗಿಸ್ತಾರೆ.

ಈ ಬಾಕ್ಸ್ ಒಳಗೆ ಸ್ಟೇರಿಂಗ್ ಕಡೆಯಿಂದ ಬರೋ ವರ್ಮ್ ಶಾಫ್ಟ್ ಇರುತ್ತೆ, ಅದರ ಮೇಲೆ ಒಂದು ಬಾಲ್ ನಟ್, ಎರಡರ ಮಧ್ಯೆ ಗ್ರೂವ್‌ನಲ್ಲಿ ಸಣ್ಣ ಸ್ಟೀಲ್ ಗುಂಡುಗಳು ಉರುಳ್ತಾ ಒಂದು ಕೊಳವೆ ಮೂಲಕ ಸುತ್ತಿ ವಾಪಸ್ ಬರ್ತಾವೆ. ನಟ್‌ನ ಹೊರಗಡೆ ಹಲ್ಲು, ಆ ಹಲ್ಲು ಸೆಕ್ಟರ್ ಶಾಫ್ಟ್ (ಬಾಕ್ಸ್‌ನಿಂದ ಹೊರಗೆ ಬರೋ ಶಾಫ್ಟ್) ಹಲ್ಲಿಗೆ ಕೂತು, ಚಕ್ರಗಳ ಕಡೆಯ ರಾಡ್‌ಗಳನ್ನ ಎಳೆಯೋ ಪಿಟ್‌ಮನ್ ಆರ್ಮ್‌ನ ತಿರುಗಿಸುತ್ತೆ. ಮುಖ್ಯವಾದ ವಿಷಯ ಏನಂದ್ರೆ ಆ ಹಲ್ಲುಗಳ ಮಧ್ಯಭಾಗ ಬೇಕಂತಲೇ ಸ್ವಲ್ಪ ಟೈಟಾಗಿ ಕೂರೋ ಹಾಗೆ ಮಾಡಿರ್ತಾರೆ, ಚಕ್ರ ನೇರ ಇದ್ದಾಗ ಆಟ ಸೊನ್ನೆ ಇರ್ಲಿ ಅಂತ, ಇದಕ್ಕೆ ಹೈ ಸ್ಪಾಟ್ ಅಂತಾರೆ. ಎರಡೂ ತುದಿ ಕಡೆ ಹೋದಂಗೆ ಸ್ವಲ್ಪ ಸಡಿಲ ಇರುತ್ತೆ, ಅದು ದೋಷ ಅಲ್ಲ, ಡಿಸೈನೇ ಹಾಗೆ. ನಾವು ಗಾಡಿ ಓಡಿಸೋದು ಹೆಚ್ಚಾಗಿ ನೇರವಾಗೇ, ಹಾಗಾಗಿ ಸವೆಯೋದೂ ಮಧ್ಯದ ಹಲ್ಲೇ. ಐವತ್ತು ವರ್ಷ ಆದ್ಮೇಲೆ ಮಧ್ಯದಲ್ಲಿ ಹಳ್ಳ ಬಿದ್ದಿರುತ್ತೆ, ಆ ಹಳ್ಳದ ಆಟ ತೆಗೀಬೇಕು ಅಂತ ಸ್ಕ್ರೂ ಟೈಟ್ ಮಾಡಿದ್ರೆ ಸವೆಯದೇ ಇರೋ ಪಕ್ಕದ ಹಲ್ಲುಗಳು ಹಿಡ್ಕೊಳ್ತಾವೆ. ನನ್ನ ಬಾಕ್ಸ್ ಬಿಚ್ಚಿದಾಗ ಸೆಕ್ಟರ್‌ನ ಮಧ್ಯದ ಹಲ್ಲಲ್ಲಿ ಉಗುರು ಆಡಿಸಿದ್ರೆ ಸಿಗೋ ಅಷ್ಟು ಮೆಟ್ಟಿಲು ಇತ್ತು, ವರ್ಮ್‌ನ ಗ್ರೂವ್‌ನಲ್ಲಿ ಸಣ್ಣ ಸಣ್ಣ ಗುಂಡಿ. ಎಷ್ಟು ಸ್ಕ್ರೂ ತಿರುಗಿಸಿದ್ರೂ ಸರಿಹೋಗೋದಲ್ಲ ಅದು.

ಆದ್ರೂ ಬಾಕ್ಸ್ ಬಿಚ್ಚೋಕೆ ಮುಂಚೆ ಒಂದು ದಿನ ಪೂರ್ತಿ ಬರೀ ನೋಡೋದಕ್ಕೇ ಇಟ್ಟೆ. ಗಾಡಿ ನೆಲದ ಮೇಲೇ ಇರ್ಬೇಕು, ಚಕ್ರದ ಮೇಲೆ ಭಾರ ಇರ್ಬೇಕು, ತಮ್ಮ ಒಳಗೆ ಕೂತು ವೀಲನ್ನ ಸ್ವಲ್ಪ ಸ್ವಲ್ಪ ಆಕಡೆ ಈಕಡೆ ಆಡಿಸ್ತಾ ಇದ್ದ, ನಾನು ಕೆಳಗೆ ಟಾರ್ಚ್ ಹಿಡ್ಕೊಂಡು ಒಂದೊಂದೇ ಜಾಯಿಂಟ್ ಮೇಲೆ ಬೆರಳಿಟ್ಟು ನೋಡ್ತಾ ಬಂದೆ. ಕಣ್ಣಿಗೆ ಕಾಣದ ಆಟ ಬೆರಳಿಗೆ ಗೊತ್ತಾಗುತ್ತೆ. ಶಾಫ್ಟ್ ಮತ್ತೆ ಬಾಕ್ಸ್ ಮಧ್ಯೆ ಇರೋ ರಬ್ಬರ್ ಕಪ್ಲಿಂಗ್, ರ‍್ಯಾಗ್ ಜಾಯಿಂಟ್ ಅಂತಾರಲ್ಲ ಅದು, ಬಿರುಕು ಬಿಟ್ಟಿತ್ತು. ಪಿಟ್‌ಮನ್ ಆರ್ಮ್‌ನ ಎದುರು ಕಡೆ ರಾಡ್‌ಗೆ ಆಸರೆ ಕೊಡೋ ಐಡ್ಲರ್ ಆರ್ಮ್ ಮೇಲೆ ಕೆಳಗೆ ಚೆನ್ನಾಗೇ ಆಡ್ತಿತ್ತು. ಒಂದು ಟೈರಾಡ್ ಎಂಡ್ (ಚಕ್ರಕ್ಕೆ ಹೋಗೋ ರಾಡ್‌ನ ತುದಿಯ ಜಾಯಿಂಟ್) ಕೂಡ ಹೋಗಿತ್ತು. ಇವು ಮೂರನ್ನೂ ಬದಲಾಯಿಸಿದ ಮೇಲೆ ಆಟ ಅರ್ಧಕ್ಕೆ ಇಳೀತು, ಅಂದ್ರೆ ಎರಡು ವರ್ಷ ನಾನು ಬಾಕ್ಸ್ ಸ್ಕ್ರೂಗೆ ಕೊಟ್ಟ ಶಿಕ್ಷೇಲಿ ಅರ್ಧ ಬೇರೆಯವರ ತಪ್ಪಿಗೆ. ಉಳಿದ ಅರ್ಧ ಬಾಕ್ಸ್‌ದೇ, ಅದರಲ್ಲಿ ಅನುಮಾನ ಇರ್ಲಿಲ್ಲ, ಇನ್‌ಪುಟ್ ಶಾಫ್ಟ್ ತಿರುಗ್ತಿತ್ತು, ಪಿಟ್‌ಮನ್ ಆರ್ಮ್ ಸುಮ್ನೆ ನಿಂತಿರ್ತಿತ್ತು. ಬಾಕ್ಸ್ ಕೂತಿರೋ ಜಾಗದಲ್ಲಿ ಫ್ರೇಮ್‌ನ ವೈರ್ ಬ್ರಷ್ ಹಾಕಿ ಉಜ್ಜಿ ಬಿರುಕು ಇದ್ಯಾ ಅಂತಾನೂ ನೋಡ್ಬೇಕು, ಪವರ್ ಬಾಕ್ಸ್ ಕೊಡೋ ತಳ್ಳಾಟ ಮ್ಯಾನ್ಯುಯಲ್‌ಗಿಂತ ಜಾಸ್ತಿ, ಬಿರುಕು ಇದ್ರೆ ಮೊದಲು ಅದನ್ನ ರಿಪೇರಿ ಮಾಡಿಸಿ ಆಮೇಲೆ ಮಿಕ್ಕಿದ್ದು. ನನ್ನದು ಸರಿ ಇತ್ತು.

ನಾನು ಹಾಕಿದ್ದು ರೀಬಿಲ್ಟ್ ಆಗಿದ್ದ ಸ್ಯಾಗಿನಾ 800 ಸೀರೀಸ್ ಪವರ್ ಬಾಕ್ಸ್. ಇದರಲ್ಲೂ ಒಳಗೆ ಅದೇ ಗುಂಡು ಅದೇ ನಟ್, ಆದ್ರೆ ಆ ನಟ್ಟೇ ಪಿಸ್ಟನ್ ಕೂಡ. ಇನ್‌ಪುಟ್ ಶಾಫ್ಟ್ ಒಳಗೆ ತೆಳ್ಳಗಿನ ಟಾರ್ಶನ್ ಬಾರ್ (ತಿರುಚಿಕೊಳ್ಳೋ ಕಂಬಿ) ಇದೆ, ನಾವು ವೀಲ್ ತಿರುಗಿಸಿದಾಗ ಅದು ಕೂದಲೆಳೆ ಅಷ್ಟು ತಿರುಚುತ್ತೆ, ಅಷ್ಟಕ್ಕೇ ವಾಲ್ವ್ ತೆರೆದು, ಇಂಜಿನ್ ಬೆಲ್ಟ್ ತಿರುಗಿಸೋ ಪಂಪ್‌ನ ಆಯಿಲ್ ಪ್ರೆಶರ್ ಪಿಸ್ಟನ್‌ನ ಒಂದು ಕಡೆಗೆ ಹೋಗುತ್ತೆ. ಬೆಲ್ಟ್ ಕಿತ್ತೋದ್ರೂ ಗಾಡಿ ತಿರುಗುತ್ತೆ, ಭಾರ ಆಗುತ್ತೆ ಅಷ್ಟೇ.

ಬರೀ ಬಾಕ್ಸ್ ತಂದ್ರೆ ಆಗಲ್ಲ. ಪಂಪ್, ಇನ್‌ಲೈನ್ ಸಿಕ್ಸ್‌ಗೆ ಆಗೋ ಪಂಪ್ ಬ್ರ್ಯಾಕೆಟ್ (ವಿ8ದು ಕೂರಲ್ಲ), ಎರಡು ಗ್ರೂವ್ ಇರೋ ಕ್ರ್ಯಾಂಕ್ ಪುಲ್ಲಿ, ಎರಡು ಹೋಸ್, ಪವರ್ ಬಾಕ್ಸ್‌ಗೆ ಆಗೋ ಪಿಟ್‌ಮನ್ ಆರ್ಮ್, ಹೊಸ ರ‍್ಯಾಗ್ ಜಾಯಿಂಟ್, ಇಷ್ಟೂ ಬೇಕು. ಇಲ್ಲಿ ಎರಡು ಕಡೆ ಎಡವೋ ಚಾನ್ಸ್ ಇದೆ. ಒಂದು, ಇನ್‌ಪುಟ್ ಶಾಫ್ಟ್‌ನ ಸ್ಪ್ಲೈನ್ (ಶಾಫ್ಟ್ ಮೇಲಿನ ಉದ್ದುದ್ದ ಹಲ್ಲು), ಎಪ್ಪತ್ತರ ದಶಕದ ಮಧ್ಯದವರೆಗಿನ ಬಾಕ್ಸ್‌ಗಳಲ್ಲಿ 13/16 ಇಂಚು 36 ಹಲ್ಲು, ಆಮೇಲಿನವುಗಳಲ್ಲಿ 3/4 ಇಂಚು 30 ಹಲ್ಲು, ರ‍್ಯಾಗ್ ಜಾಯಿಂಟ್ ಅದಕ್ಕೆ ತಕ್ಕದ್ದೇ ತರ್ಬೇಕು. ಇನ್ನೊಂದು, ಹೋಸ್ ಫಿಟಿಂಗ್, ಹಳೇ ಬಾಕ್ಸ್‌ಗಳದ್ದು ಇಂಚಿನ ಥ್ರೆಡ್ ಫ್ಲೇರ್ (ತುದಿ ಅಗಲಿಸಿದ ಪೈಪ್), ಸುಮಾರು 1980ರಿಂದ ಈಚೆಗೆ ಮೆಟ್ರಿಕ್ ಓ-ರಿಂಗ್. ಎರಡೂ ಒಂದೇ ಥರ ಕಾಣ್ತಾವೆ, ಎರಡು ಸುತ್ತು ಹೋಗ್ತಾವೆ ಕೂಡ, ಅಲ್ಲಿಂದ ಮುಂದೆ ಪಾನಾ ಹಾಕಿ ಒತ್ತಿದ್ರೆ ಥ್ರೆಡ್ ಹೋಯ್ತು ಅಂತ್ಲೇ ಲೆಕ್ಕ. ನಾನು ತರಿಸಿದ ಮೊದಲನೇ ಹೋಸ್ ಸೆಟ್ ತಪ್ಪಾಗಿತ್ತು, ಕೈಯಲ್ಲೇ ತಿರುಗಿಸಿ ನೋಡಿದ್ದಕ್ಕೆ ಬಾಕ್ಸ್ ಉಳೀತು.

ಹಳೇ ಬಾಕ್ಸ್ ಇಳಿಸೋ ಕೆಲಸದಲ್ಲಿ ಪಿಟ್‌ಮನ್ ಆರ್ಮ್ ಒಂದೇ ಕಷ್ಟ, ಮಿಕ್ಕಿದ್ದೆಲ್ಲ ಬೋಲ್ಟ್ ಬಿಚ್ಚೋದಷ್ಟೇ. ಹಿಂದಿನ ದಿನಾನೇ ತುಕ್ಕು ಬಿಡಿಸೋ ಎಣ್ಣೆ ಹಾಕಿ ಬಿಟ್ಟಿದ್ದೆ. ನಟ್ ಪೂರ್ತಿ ತೆಗೀಬಾರ್ದು, ಮೂರ್ನಾಲ್ಕು ಥ್ರೆಡ್ ಹಿಡ್ಕೊಂಡಿರೋ ಹಾಗೆ ಬಿಡ್ಬೇಕು, ಯಾಕಂದ್ರೆ ಪುಲ್ಲರ್ ಹಾಕಿ ಟೈಟ್ ಮಾಡ್ತಾ ಮಾಡ್ತಾ ಒಂದು ಕ್ಷಣದಲ್ಲಿ ಗುಂಡು ಹೊಡೆದ ಹಾಗೆ ಶಬ್ದ ಮಾಡಿ ಆರ್ಮ್ ಬಿಡುತ್ತೆ, ನಟ್ ಇಲ್ದಿದ್ರೆ ಪುಲ್ಲರ್ ಸಮೇತ ಮುಖಕ್ಕೆ ಬರುತ್ತೆ. ಕನ್ನಡಕ ಹಾಕ್ಕೊಳ್ಳಿ. ಫೋರ್ಕ್ ಥರದ್ದು ಬಡಿಯೋದು, ಆರ್ಮ್‌ಗೆ ಗ್ಯಾಸ್ ಹಚ್ಚಿ ಕೆಂಪಗೆ ಕಾಯಿಸೋದು ಎರಡೂ ಬೇಡ, ಕಾಯಿಸಿದ ಸ್ಟೇರಿಂಗ್ ಪಾರ್ಟನ್ನ ನಾನಂತೂ ವಾಪಸ್ ಹಾಕಲ್ಲ.

ಹೊಸ ಬಾಕ್ಸ್ 14-15 ಕಿಲೋ ಹತ್ರ ಇದೆ, ಮಲಗಿಕೊಂಡು ಎದೆ ಮೇಲಿಂದ ಎತ್ತೋದು ಬೇಡ, ಜಾಕಿ ಮೇಲೆ ಮರದ ತುಂಡು ಇಟ್ಟು ಅದರ ಮೇಲೆ ಬಾಕ್ಸ್ ಕೂರಿಸಿ ಎತ್ತಿದೆ. ಪವರ್ ಬಾಕ್ಸ್ ಉದ್ದ ಜಾಸ್ತಿ ಇದ್ದಿದ್ರಿಂದ ಹಳೇ ಶಾಫ್ಟ್ ಸರಿಹೋಗ್ಲಿಲ್ಲ, ಗಿಡ್ಡ ಮಾಡಬೇಕಾಯ್ತು. ಶಾಫ್ಟ್ ಕತ್ತರಿಸಿ ವೆಲ್ಡ್ ಮಾಡೋಣ ಅಂತ ಒಬ್ರು ಸಲಹೆ ಕೊಟ್ರು, ನಾನು ಒಪ್ಪಲಿಲ್ಲ, ಅಳತೆಗೆ ಸಿಗೋ ಡಬಲ್-ಡಿ ಶಾಫ್ಟ್ (ಎರಡು ಪಕ್ಕ ಚಪ್ಪಟೆ ಇರೋದು) ಮತ್ತೆ ಕಪ್ಲರ್ ತಂದು ಹಾಕಿದೆ. ಪಿಟ್‌ಮನ್ ನಟ್‌ನ ಮ್ಯಾನ್ಯುಯಲ್ ಹೇಳಿದ 185 ಫೂಟ್-ಪೌಂಡ್‌ಗೆ ಟಾರ್ಕ್ ಮಾಡಿದೆ, ಹಳೇ ಲಾಕ್ ವಾಷರ್ ಬಿಸಾಕಿ ಹೊಸದು.

ಈಗ ನಾನು ತಪ್ಪು ಮಾಡಿದ ಜಾಗ. ಬೆಂಚ್ ಮೇಲೆ ಬಾಕ್ಸನ್ನ ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿ ಎಣಿಸಿದೆ, ಮೂರೂವರೆ ಸುತ್ತು, ಅರ್ಧ ಅಂದ್ರೆ ಒಂದೂಮುಕ್ಕಾಲು ವಾಪಸ್ ಬಂದು ಸೆಂಟರ್ ಮಾರ್ಕ್ ಹಾಕ್ದೆ. ಇಲ್ಲೀತನಕ ಸರಿ. ಪಿಟ್‌ಮನ್ ಆರ್ಮ್‌ನ ಸ್ಪ್ಲೈನ್‌ನಲ್ಲಿ ನಾಲ್ಕು ಅಗಲವಾದ ಹಲ್ಲು ಇರೋದ್ರಿಂದ ಅದು ನಾಲ್ಕೇ ದಿಕ್ಕಲ್ಲಿ ಕೂರುತ್ತೆ, ಅದೂ ಸರಿ. ಎಲ್ಲಾ ಜೋಡಿಸಿ ನೋಡಿದ್ರೆ ಬಾಕ್ಸ್ ಸೆಂಟರಲ್ಲಿದ್ದಾಗ ಮುಂದಿನ ಚಕ್ರ ಸ್ವಲ್ಪ ಬಲಕ್ಕೆ ನೋಡ್ತಾ ಇತ್ತು. ನಾನು ಏನು ಮಾಡ್ದೆ ಅಂದ್ರೆ ಸ್ಟೇರಿಂಗ್ ತಿರುಗಿಸಿ ಚಕ್ರ ನೇರ ಮಾಡಿ, ವೀಲ್ ಓರೆ ಕಾಣ್ತಿದ್ದಿದ್ದಕ್ಕೆ ವೀಲ್ ಕಿತ್ತು ನೇರ ಕೂರಿಸಿಬಿಟ್ಟೆ. ನೋಡೋಕೆ ಎಲ್ಲಾ ನೇರ. ಓಡಿಸಿದ್ರೆ ಹೊಸ ಬಾಕ್ಸಲ್ಲೂ ಆಟ! ಅದೂ ನೇರ ಹೋಗೋವಾಗ್ಲೇ. ಬಾಕ್ಸ್ ಕೆಟ್ಟದ್ದು ಬಂದಿದೆ, ವಾಪಸ್ ಕಳಿಸೋಣ ಅಂತ ಪ್ಯಾಕ್ ಮಾಡೋ ಡಬ್ಬ ಹುಡುಕೋಕೆ ಶುರು ಮಾಡಿದ್ದೆ. ತಮ್ಮ ಕೂತ್ಕೊಂಡು ಸುತ್ತು ಎಣಿಸಿದ, ಎಡಕ್ಕೆ ಒಂದೂವರೆ ಸುತ್ತು, ಬಲಕ್ಕೆ ಎರಡು. "ಅಣ್ಣಾ, ವೀಲ್ ನೇರ ಇದೆ ಸರಿ, ಬಾಕ್ಸ್ ನೇರ ಇದ್ಯಾ?" ಅಂದ.

ಇರ್ಲಿಲ್ಲ. ಹೈ ಸ್ಪಾಟ್ ಕಾಲು ಸುತ್ತು ಆಚೆ ಇತ್ತು, ನಾನು ಓಡಿಸ್ತಾ ಇದ್ದಿದ್ದು ಬಾಕ್ಸ್ ಸಡಿಲ ಇರೋ ಜಾಗದಲ್ಲಿ. ಮತ್ತೆ ಬಾಕ್ಸನ್ನ ಮಾರ್ಕ್‌ಗೆ ತಂದು, ವೀಲನ್ನ ಮೊದಲಿದ್ದ ಜಾಗಕ್ಕೇ ಕೂರಿಸಿ, ಚಕ್ರಗಳನ್ನ ಟೈರಾಡ್ ಸ್ಲೀವ್‌ಗಳಲ್ಲಿ ಸರಿ ಮಾಡಿದೆ, ಒಂದು ಕಡೆ ಎಷ್ಟು ಉದ್ದ ಮಾಡ್ತೀವೋ ಇನ್ನೊಂದು ಕಡೆ ಅಷ್ಟೇ ಗಿಡ್ಡ, ಹಾಗಾದ್ರೆ ಟೋ (ಮುಂದಿನ ಚಕ್ರಗಳು ಒಂದಕ್ಕೊಂದು ಎಷ್ಟು ಒಳಗೆ ಅಥವಾ ಹೊರಗೆ ನೋಡ್ತಾವೆ ಅನ್ನೋದು) ಬದಲಾಗಲ್ಲ, ಎರಡೂ ಚಕ್ರ ಒಟ್ಟಿಗೆ ತಿರುಗ್ತಾವೆ. ಆಟ ಹೋಯ್ತು. ಸ್ಕ್ರೂ ಮುಟ್ಟಲೇ ಇಲ್ಲ.

ಗಾಳಿ ತೆಗೆಯೋ ಕೆಲಸಕ್ಕೆ ಅವಸರ ಮಾಡ್ಬಾರ್ದು. ಮುಂದಿನ ಚಕ್ರ ಎರಡೂ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಇಂಜಿನ್ ಆಫ್ ಇದ್ದಾಗ್ಲೇ ಆಯಿಲ್ ತುಂಬಿ ಒಂದು ತುದಿಯಿಂದ ಇನ್ನೊಂದಕ್ಕೆ ನಿಧಾನಕ್ಕೆ ಇಪ್ಪತ್ತು ಸಲ ತಿರುಗಿಸಿದೆ, ಮಧ್ಯೆ ಮಧ್ಯೆ ಲೆವೆಲ್ ಇಳಿದ ಹಾಗೆ ತುಂಬ್ತಾ. ಗುಳ್ಳೆ ಬರೋದು ನಿಂತ ಮೇಲೆ ಇಂಜಿನ್ ಸ್ಟಾರ್ಟ್. ಮೊದಲೇ ಸ್ಟಾರ್ಟ್ ಮಾಡಿದ್ರೆ ಪಂಪ್ ಗಾಳಿ ಮತ್ತೆ ಆಯಿಲ್ ಕಡೆದು ಮಜ್ಜಿಗೆ ಮಾಡಿಬಿಡುತ್ತೆ, ಆಮೇಲೆ ಅದು ತಿಳಿಯಾಗೋಕೆ ಗಂಟೆಗಟ್ಟಲೆ ಕಾಯ್ಬೇಕು. ತುದಿಯಲ್ಲಿ ಒತ್ತಿ ಹಿಡಿಯೋದೂ ಬೇಡ, ಆಗ ಪೂರ್ತಿ ಪ್ರೆಶರ್ ರಿಲೀಫ್ ವಾಲ್ವ್ ಮೇಲೆ ಬಿದ್ದು ಆಯಿಲ್ ಕಾಯುತ್ತೆ.

ಇಷ್ಟಾದ್ರೂ ಮೊದಲ ವಾರ ನಂಗೆ ಸಮಾಧಾನ ಇರ್ಲಿಲ್ಲ. ಬೆರಳಲ್ಲಿ ತಿರುಗುತ್ತೆ, ಆಟ ಇಲ್ಲ, ಆದ್ರೆ ಸ್ಪೀಡಲ್ಲಿ ಗಾಡಿ ಮಂಜುಗಡ್ಡೆ ಮೇಲೆ ಹೋದ ಹಾಗೆ, ತಿರುವಿನಿಂದ ವಾಪಸ್ ಬರೋಕೆ ಸೋಮಾರಿತನ. ಕಾರಣ ಕ್ಯಾಸ್ಟರ್. ಸೈಕಲ್ ಮುಂದಿನ ಫೋರ್ಕ್ ಹಿಂದಕ್ಕೆ ಓರೆ ಇರುತ್ತಲ್ಲ, ಹ್ಯಾಂಡಲ್ ಬಿಟ್ಟರೂ ಸೈಕಲ್ ನೇರ ಹೋಗೋಕೆ ಅದೂ ಒಂದು ಕಾರಣ, ಆ ಓರೆಯೇ ಕ್ಯಾಸ್ಟರ್. ಮ್ಯಾನ್ಯುಯಲ್ ಸ್ಟೇರಿಂಗ್ ಗಾಡಿಗಳಲ್ಲಿ ತಿರುಗಿಸೋಕೆ ಹಗುರ ಆಗ್ಲಿ ಅಂತ ಅದನ್ನ ಕಮ್ಮಿ ಇಟ್ಟಿರ್ತಾರೆ, ನನ್ನದರಲ್ಲಿ ಅರ್ಧ ಡಿಗ್ರಿ ಇತ್ತು. ಈಗ ತಿರುಗಿಸೋ ಭಾರ ಪಂಪ್ ಹೊರ್ತಾ ಇದೆ, ಹಾಗಾಗಿ ಕ್ಯಾಸ್ಟರ್ ಜಾಸ್ತಿ ಮಾಡೋಕೆ ಭಯ ಇಲ್ಲ. ಅಲೈನ್‌ಮೆಂಟ್ ಮಾಡೋರ ಹತ್ರ ಹೋಗಿ ಹಳೇ ಪುಸ್ತಕದ ಸ್ಪೆಕ್ ಬೇಡ, ಎರಡೂ ಕಡೆ ಮೂರೂವರೆ ಡಿಗ್ರಿ ಹತ್ರ ಪಾಸಿಟಿವ್ ಮಾಡಿಕೊಡಿ ಅಂತ ಕೇಳ್ದೆ, ಅವರು ಸಸ್ಪೆನ್ಷನ್‌ನ ಅಪ್ಪರ್ ಆರ್ಮ್ ಹತ್ರ ಇರೋ ಶಿಮ್‌ಗಳನ್ನ (ತೆಳ್ಳಗಿನ ಲೋಹದ ತಗಡು) ಅದಲು ಬದಲು ಮಾಡಿ ಎಡಕ್ಕೆ 3.4, ಬಲಕ್ಕೆ 3.5 ತಂದ್ರು, ಆಮೇಲೆ ಟೋ-ಇನ್ 1/8 ಇಂಚಿನ ಒಳಗೆ. ಅಲ್ಲಿಂದ ಆಚೆ ಬಂದ ತಕ್ಷಣ ಗೊತ್ತಾಯ್ತು, ಅದೇ ಬಾಕ್ಸು ಅದೇ ಪಂಪು, ಗಾಡಿ ಮಾತ್ರ ಬೇರೆ. ತಿರುವಲ್ಲಿ ಕೈ ಸಡಿಲ ಬಿಟ್ರೆ ವೀಲ್ ಅಂಗೈ ಒಳಗೆ ಜಾರ್ತಾ ತಾನಾಗೇ ವಾಪಸ್ ಬರುತ್ತೆ.

ಎಂಟುನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೆ ಕೆಳಗೆ ಹೋಗಿ ಎಲ್ಲಾ ಬೋಲ್ಟ್‌ಗೂ ಟಾರ್ಕ್ ರೆಂಚ್ ಹಾಕ್ದೆ. ಫ್ರೇಮ್‌ನ ಒಂದು ಬೋಲ್ಟ್ ಕಾಲು ಸುತ್ತು ತಗೊಳ್ತು, ಬಹುಶಃ ಕೆಳಗಿದ್ದ ಪೇಂಟ್ ಕೂತಿರ್ಬೇಕು. ಪ್ರೆಶರ್ ಹೋಸ್ ಫಿಟಿಂಗ್ ಹತ್ರ ಪೇಪರ್ ಒತ್ತಿ ನೋಡ್ದೆ, ಒಣಗೇ ಇತ್ತು. ಈಗ ಪ್ರತಿ ಬೋಲ್ಟ್ ತಲೆಯಿಂದ ಫ್ರೇಮ್‌ವರೆಗೆ ಹಳದಿ ಪೇಂಟಲ್ಲಿ ಒಂದು ಗೆರೆ ಎಳ್ದಿದ್ದೀನಿ, ಆಯಿಲ್ ಚೆಕ್ ಮಾಡೋಕೆ ಬಾನೆಟ್ ಎತ್ತಿದಾಗೆಲ್ಲ ಬಗ್ಗಿ ಒಂದ್ಸಲ ಆ ಗೆರೆಗಳನ್ನೂ ನೋಡ್ತೀನಿ.