ಜೈಸಲ್ಮೇರ್ ಮರುಭೂಮಿ ಉದ್ಯಾನಕ್ಕೆ ಹೋದರೆ ಮರಳು ಒಂದನ್ನೇ ನೋಡಬೇಡಿ

ಜೈಸಲ್ಮೇರ್‌ಗೆ ಹೋದವರು ಸಾಮಾನ್ಯವಾಗಿ ಮಾಡುವುದು ಇಷ್ಟು: ಸಂಜೆ ಸಮ್ ದಿಬ್ಬಗಳಿಗೆ ಹೋಗಿ ಒಂಟೆ ಹತ್ತುತ್ತಾರೆ, ಸೂರ್ಯ ಮುಳುಗುವ ಫೋಟೋ ತೆಗೆಯುತ್ತಾರೆ, ರಾತ್ರಿ ಟೆಂಟಿನಲ್ಲಿ ಹಾಡು ಕೇಳಿ ಬೆಳಿಗ್ಗೆ ವಾಪಸ್. ಅದು ಚೆನ್ನಾಗಿಯೇ ಇರುತ್ತದೆ, ಬೇಡ ಅನ್ನುತ್ತಿಲ್ಲ. ಆದರೆ ಸುತ್ತಮುತ್ತ ಇರುವ ಮರುಭೂಮಿ ರಾಷ್ಟ್ರೀಯ ಉದ್ಯಾನದ ವಿಸ್ತಾರ 3,162 ಚದರ ಕಿ.ಮೀ. ಅದರಲ್ಲಿ ಮರಳು ದಿಬ್ಬ ಒಂದು ಭಾಗ ಮಾತ್ರ. ಉಳಿದದ್ದು ಕಲ್ಲು ಬಯಲು, ಉಪ್ಪು ನೆಲ, ಎಲ್ಲಕ್ಕಿಂತ ಮುಖ್ಯವಾಗಿ ಹುಲ್ಲುಗಾವಲು. ಇಲ್ಲಿನ ಜೀವವೆಲ್ಲ ನಿಂತಿರುವುದು ಆ ಹುಲ್ಲಿನ ಮೇಲೆ, ದಿಬ್ಬದ ಮೇಲಲ್ಲ. ಅದನ್ನು ನೋಡಬೇಕಾದರೆ ಕನಿಷ್ಠ ಎರಡು ದಿನ ಇಟ್ಟುಕೊಳ್ಳಿ.

ಹೊರಡುವ ಮುಂಚೆ ಒಂದು ವಿಷಯ ಗೊತ್ತಿರಲಿ. ಇಲ್ಲಿ ಬಂಡೀಪುರದ ಹಾಗೆ ಒಂದು ಗೇಟು, ಒಂದು ಸಫಾರಿ ಬಸ್ಸು, ಒಂದು ಕಾಡು ಅಂತ ಇಲ್ಲ. 1980ರಲ್ಲಿ ಘೋಷಣೆಯಾದ ಈ ಜಾಗ ಜೈಸಲ್ಮೇರ್ ಮತ್ತು ಬಾಡ್‌ಮೇರ್ ಎರಡೂ ಜಿಲ್ಲೆಗಳಲ್ಲಿ ಹರಡಿದೆ. ಎಲ್ಲರೂ ರಾಷ್ಟ್ರೀಯ ಉದ್ಯಾನ ಎಂದೇ ಕರೆದರೂ ಕಾನೂನಿನ ಪ್ರಕಾರ ಇನ್ನೂ ವನ್ಯಜೀವಿ ಅಭಯಾರಣ್ಯ. ಒಳಗೆ ಹತ್ತಾರು ಹಳ್ಳಿಗಳಿವೆ, ಕುರಿ, ಮೇಕೆ, ಹಸು, ಒಂಟೆ ಮೇಯುತ್ತವೆ. ಪ್ರಾಣಿ ನೋಡಲು ಬಂದರೆ ಬರೀ ಕುರಿ ಕಾಣುತ್ತಿದೆಯಲ್ಲ ಅಂತ ಬೇಸರ ಮಾಡಿಕೊಳ್ಳಬೇಡಿ. ಚಿಂಕಾರ ಹುಲ್ಲೆಯೂ ಕುರಿಯೂ ಒಂದೇ ಬಯಲಿನಲ್ಲಿ ಮೇಯುವುದು ಇಲ್ಲಿ ನೂರಾರು ವರ್ಷಗಳಿಂದ ನಡೆದುಬಂದ ಬದುಕು.

ಹೋಗುವುದಕ್ಕೆ ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಬೇಸಿಗೆಯಲ್ಲಿ ಬಿಸಿಲು 45 ಡಿಗ್ರಿ ದಾಟುತ್ತದೆ, ಬೇಡವೇ ಬೇಡ. ಚಳಿಗಾಲದ ಬೆಳಗಿನ ಜಾವ ತೆರೆದ ಜೀಪಿನಲ್ಲಿ ಕೂತರೆ ಕೈ ಮರಗಟ್ಟುತ್ತದೆ. ದಪ್ಪ ಜಾಕೆಟ್, ಕಿವಿ ಮುಚ್ಚುವ ಟೋಪಿ, ಕೈಗವಸು ಇರಲಿ. ಅನುಮತಿ ಬಗ್ಗೆ ಜೈಸಲ್ಮೇರ್‌ನ ಅರಣ್ಯ ಇಲಾಖೆಯ ಕಚೇರಿಯಲ್ಲಿ ಹಿಂದಿನ ದಿನವೇ ಕೇಳಿಕೊಳ್ಳಿ. ಬೆಳಿಗ್ಗೆ ಆರಕ್ಕೆ ಹೊರಡಬೇಕಾದವರು ಹತ್ತಕ್ಕೆ ತೆರೆಯುವ ಕಚೇರಿಗಾಗಿ ಕಾದರೆ ಆ ದಿನ ಹೋದಂತೆಯೇ ಅಲ್ವಾ. ಪಶ್ಚಿಮಕ್ಕೆ ಹೋದಷ್ಟೂ ಪಾಕಿಸ್ತಾನದ ಗಡಿ ಹತ್ತಿರವಾಗುತ್ತದೆ, ಕೆಲವು ಕಡೆ ಬೇರೆ ಅನುಮತಿ ಬೇಕು, ಹಾಗಾಗಿ ಮ್ಯಾಪ್ ನೋಡಿಕೊಂಡು ಸುಮ್ನೆ ಯಾವುದೋ ದಾರಿಗೆ ಗಾಡಿ ತಿರುಗಿಸಬೇಡಿ. ಗುರುತಿನ ಚೀಟಿ ಜೊತೆಯಲ್ಲಿರಲಿ. ಡ್ರೋನ್ ಮನೆಯಲ್ಲೇ ಇರಲಿ.

ಗಾಡಿಗಿಂತ ಗೈಡ್ ಮುಖ್ಯ. ಹಕ್ಕಿ ಗೊತ್ತಿರುವ ಸ್ಥಳೀಯರನ್ನೇ ಹುಡುಕಿ. ದಿಬ್ಬದ ಮೇಲೆ ಜೀಪ್ ಹಾರಿಸುವ ಚಾಲಕರು ಬೇಕಾದಷ್ಟು ಸಿಗುತ್ತಾರೆ, ಅವರು ಈ ಕೆಲಸಕ್ಕೆ ಆಗುವುದಿಲ್ಲ.

ಮೊದಲ ದಿನ ಕಲ್ಲಿನಿಂದ ಶುರು ಮಾಡಿ. ಜೈಸಲ್ಮೇರ್‌ನಿಂದ ಬಾಡ್‌ಮೇರ್ ರಸ್ತೆಯಲ್ಲಿ ಸುಮಾರು 17 ಕಿ.ಮೀ. ದೂರದಲ್ಲಿ ಆಕಲ್ ಪಳೆಯುಳಿಕೆ ಉದ್ಯಾನ ಇದೆ. ಸುಮಾರು 18 ಕೋಟಿ ವರ್ಷ ಹಿಂದಿನ ಮರದ ದಿಮ್ಮಿಗಳು ಕಲ್ಲಾಗಿ ಬಿದ್ದಿವೆ. ಡೈನೋಸಾರ್‌ಗಳು ಓಡಾಡುತ್ತಿದ್ದ ಜುರಾಸಿಕ್ ಕಾಲದಲ್ಲಿ ಇದು ಬಿಸಿಯಾದ, ತೇವದ ಕಾಡಾಗಿತ್ತು. ಮಣ್ಣಿನಡಿ ಹೂತ ಮರದೊಳಗೆ ಖನಿಜ ತುಂಬಿದ ನೀರು ಇಳಿದು, ನಾರಿನ ಜಾಗದಲ್ಲೆಲ್ಲ ಕಲ್ಲು ಕೂತಿದೆ. ತುಂಡುಗಳನ್ನು ಹೆಕ್ಕಿ ಜೇಬಿಗೆ ಹಾಕಿಕೊಳ್ಳಬೇಡಿ. ಒಂದು ಗಂಟೆ ಸಾಕು ಇಲ್ಲಿಗೆ.

ಅಲ್ಲಿಂದ ಕುಲಧರಾ ಕಡೆ ಹೋಗಿ. ಪಾಲೀವಾಲ ಬ್ರಾಹ್ಮಣರು ಬಿಟ್ಟುಹೋದ ಊರು. ಜೈಸಲ್ಮೇರ್ ರಾಜ್ಯದ ದಿವಾನ ಸಾಲಿಂ ಸಿಂಗ್‌ನ ಕಾಟ ತಾಳಲಾರದೆ ಒಂದೇ ರಾತ್ರಿಯಲ್ಲಿ ಎಲ್ಲರೂ ಹೊರಟುಹೋದರು, ಶಾಪ ಹಾಕಿ ಹೋದರು ಅಂತ ಗೈಡ್‌ಗಳು ದೆವ್ವದ ಕಥೆ ಸೇರಿಸಿ ಹೇಳುತ್ತಾರೆ. ಬಾವಿಗಳು ಬತ್ತಿ, ಊರು ನಿಧಾನವಾಗಿ ಖಾಲಿಯಾಗುತ್ತಾ ಬಂದು 19ನೇ ಶತಮಾನದ ಹೊತ್ತಿಗೆ ಪೂರ್ತಿ ಪಾಳು ಬಿತ್ತು ಅನ್ನುವುದು ಇನ್ನೊಂದು ವಿವರಣೆ, ನನಗೆ ಅದೇ ಹೆಚ್ಚು ಸರಿ ಅನಿಸುತ್ತದೆ. ಆದರೆ ದೆವ್ವದ ಕಥೆಯ ಗಲಾಟೆಯಲ್ಲಿ ಪಾಲೀವಾಲರ ನಿಜವಾದ ಸಾಧನೆ ಮರೆಯಾಗಿಬಿಡುತ್ತದೆ, ಅದೇ ನನಗೆ ಬೇಸರ. ಅದರ ಹೆಸರು ಖಡೀನ್.

ಕಲ್ಲು ಬಯಲಿನ ಮೇಲೆ ಮಳೆ ಬಿದ್ದರೆ ನೀರು ಇಂಗುವುದಿಲ್ಲ, ತಗ್ಗಿನ ಕಡೆ ಹರಿದುಹೋಗುತ್ತದೆ. ಪಾಲೀವಾಲರು ಆ ತಗ್ಗಿಗೆ ಅಡ್ಡವಾಗಿ ಉದ್ದನೆಯ ಮಣ್ಣಿನ ಏರಿ ಕಟ್ಟಿದರು. ಮಳೆಗಾಲದಲ್ಲಿ ನೀರು ಅಲ್ಲಿ ನಿಂತು ನಿಧಾನವಾಗಿ ಇಂಗುತ್ತದೆ, ಹೆಚ್ಚಾದದ್ದು ಕೋಡಿಯಲ್ಲಿ ಹೊರಗೆ ಹೋಗುತ್ತದೆ, ಜೊತೆಗೆ ಬಂದ ಗೋಡು ಮಣ್ಣು ಅಲ್ಲೇ ಉಳಿಯುತ್ತದೆ. ಚಳಿಗಾಲದ ಹೊತ್ತಿಗೆ ನೀರು ಇಳಿದ ಹಸಿ ನೆಲದಲ್ಲಿ ಗೋಧಿ, ಕಡಲೆ ಬಿತ್ತುತ್ತಾರೆ. ಮತ್ತೆ ನೀರು ಹಾಯಿಸುವ ಕೆಲಸವೇ ಇಲ್ಲ. ವರ್ಷಕ್ಕೆ 200 ಮಿ.ಮೀ. ಮಳೆಯೂ ಸಿಗದ ಜಾಗದಲ್ಲಿ ಗೋಧಿ! ಹಳೆಯ ಖಡೀನ್‌ಗಳಲ್ಲಿ ಇವತ್ತಿಗೂ ಬೆಳೆ ತೆಗೆಯುತ್ತಾರೆ. ಖಾಬಾ ಕೋಟೆ ಕಡೆಗೆ ಹೋಗುವಾಗ ಗೈಡ್‌ಗೆ ಹೇಳಿ ಒಂದು ಏರಿಯ ಹತ್ತಿರ ಗಾಡಿ ನಿಲ್ಲಿಸಿ, ಜನವರಿಯಲ್ಲಿ ಸುತ್ತ ಎಲ್ಲ ಬೋಳು ಇರುವಾಗ ಅದರೊಳಗೆ ಮಾತ್ರ ಹಸಿರು ಇರುತ್ತದೆ.

ಎರಡನೇ ದಿನ ಬೆಳಿಗ್ಗೆ ಸುದಾಸರಿ. ಇದಕ್ಕೇ ನೀವು ಬಂದಿರುವುದು. ಬೇಲಿ ಹಾಕಿ ಕಾಪಾಡಿರುವ ಹುಲ್ಲುಗಾವಲು ಇದು, ಸೂರ್ಯ ಹುಟ್ಟುವ ಹೊತ್ತಿಗೆ ಅಲ್ಲಿರಬೇಕು. ಮೊಣಕಾಲೆತ್ತರ ಬೆಳೆಯುವ ಹುಲ್ಲಿಗೆ ಅಲ್ಲಿ ಸೇವಣ್ ಎನ್ನುತ್ತಾರೆ. ಇದರ ಬೇರು ಮರಳನ್ನು ಹಿಡಿದಿಡುತ್ತದೆ, ಬರದಲ್ಲಿ ಒಣಗಿ ಸತ್ತಂತೆ ಕಂಡರೂ ಒಂದು ಮಳೆಗೆ ಚಿಗುರುತ್ತದೆ. ನಡುನಡುವೆ ಎಲೆಯೇ ಇಲ್ಲದ ಕೇರ್ ಪೊದೆ, ನಮಗೆ ಗೊತ್ತಿರುವ ಎಕ್ಕದ ಗಿಡ, ಬೋರೆ ಪೊದೆ ಕಾಣುತ್ತವೆ. ಅಲ್ಲಿನವರು ಖೇಜ್ಡಿ ಅಂತ ಪೂಜಿಸುವ ಮರ ನಾವು ದಸರೆಗೆ ಪೂಜಿಸುವ ಬನ್ನಿಯೇ.

ನೋಡುವ ರೀತಿ ಕಾಡಿಗಿಂತ ಬೇರೆ. ಇಲ್ಲಿ ಮರೆ ಇಲ್ಲ, ಪ್ರಾಣಿ ನಿಮ್ಮನ್ನು ಒಂದು ಕಿಲೋಮೀಟರ್ ದೂರದಿಂದಲೇ ನೋಡಿರುತ್ತದೆ. ಹಾಗಾಗಿ ಓಡಾಟ ಕಡಿಮೆ ಮಾಡಿ, ಗಾಡಿ ಒಂದು ಕಡೆ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ದುರ್ಬೀನಿನಲ್ಲಿ ಎಡದಿಂದ ಬಲಕ್ಕೆ ನಿಧಾನವಾಗಿ ಬಯಲನ್ನು ಓದಿ. ಚಿಂಕಾರ ಖಂಡಿತ ಕಾಣುತ್ತದೆ, ಹೆಣ್ಣಿಗೂ ಚಿಕ್ಕ ಕೊಂಬು ಇರುತ್ತದೆ. ನರಿ ಕಂಡರೆ ಬಾಲದ ತುದಿ ನೋಡಿ. ಬಿಳಿ ಇದ್ದರೆ ಮರುಭೂಮಿ ನರಿ, ಕಪ್ಪಿದ್ದರೆ ನಮ್ಮ ಬಯಲುಸೀಮೆಯಲ್ಲೂ ಇರುವ ಜಾತಿ. ನೆಲದ ಬಿಲಗಳಿಂದ ಹಗಲಲ್ಲೇ ಹೊರಬಂದು ಬೀಜ ತಿನ್ನುವ ಮರುಭೂಮಿ ಇಲಿಗಳಿಗೆ ಯಾರೂ ಕ್ಯಾಮೆರಾ ತಿರುಗಿಸುವುದಿಲ್ಲ. ಆದರೆ ನರಿ, ಹದ್ದು, ಮರುಭೂಮಿ ಬೆಕ್ಕು ಎಲ್ಲದಕ್ಕೂ ಊಟ ಇವೇ. ಮುಳ್ಳು ಬಾಲದ ಹಲ್ಲಿ ನೋಡಬೇಕು ಅನ್ನುವವರು ಫೆಬ್ರವರಿ ಕೊನೆಗೆ ಹೋಗಿ, ಚಳಿ ಜಾಸ್ತಿ ಇರುವಾಗ ಅದು ಬಿಲ ಮುಚ್ಚಿಕೊಂಡು ಒಳಗೇ ಇರುತ್ತದೆ. ಹೆಚ್ಚಾಗಿ ಸೊಪ್ಪನ್ನೇ ತಿನ್ನುವ ಈ ಸಾಧು ಪ್ರಾಣಿಯನ್ನು ಎಣ್ಣೆಗಾಗಿ ಕದ್ದು ಕೊಲ್ಲುತ್ತಾರೆ. ಸಾಂಡಾ ಎಣ್ಣೆ ಅಂತ ಯಾರಾದರೂ ಮಾರಲು ಬಂದರೆ ದಯವಿಟ್ಟು ಕೊಳ್ಳಬೇಡಿ.

ಹಕ್ಕಿಗಳ ಮಾತು ಬೇರೆಯೇ. ಚಳಿಗಾಲದಲ್ಲಿ ರಣಹದ್ದುಗಳಲ್ಲೇ ಹಲವು ಜಾತಿ, ಜೊತೆಗೆ ವಲಸೆ ಬಂದ ಹದ್ದುಗಳು. ನೀರಿನ ತೊಟ್ಟಿ ಎಲ್ಲಿದೆ ಕೇಳಿಕೊಂಡು ಬಿಸಿಲು ಸ್ವಲ್ಪ ಏರಿದ ಮೇಲೆ ದೂರದಲ್ಲಿ ಕೂರಿ, ಸ್ಯಾಂಡ್‌ಗ್ರೌಸ್ ಹಕ್ಕಿಗಳು ಗುಂಪಾಗಿ ಇಳಿಯುತ್ತವೆ. ಮರಿ ಇರುವ ಕಾಲದಲ್ಲಿ ಗಂಡು ಹಕ್ಕಿ ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ತೋಯಿಸಿಕೊಂಡು ಹೋಗುತ್ತದೆ, ಮರಿಗಳು ಆ ಗರಿಗಳಿಂದಲೇ ನೀರು ಕುಡಿಯುತ್ತವೆ.

ಇನ್ನು ಎರೆಭೂತ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿ. ಅಲ್ಲಿ ಗೋಡಾವಣ್ ಎನ್ನುತ್ತಾರೆ, 1981ರಿಂದ ರಾಜಸ್ಥಾನದ ರಾಜ್ಯ ಪಕ್ಷಿ. ಒಂದು ಮೀಟರ್ ಎತ್ತರ, ಗಂಡು 15 ಕೆ.ಜಿ.ವರೆಗೂ ತೂಗುತ್ತದೆ. ಹಾರುವ ಹಕ್ಕಿಗಳಲ್ಲಿ ಇಷ್ಟು ಭಾರದವು ಪ್ರಪಂಚದಲ್ಲೇ ಕಡಿಮೆ. ಬಯಲಿನಲ್ಲಿ ಸ್ವತಂತ್ರವಾಗಿ ಉಳಿದಿರುವುದು 150ಕ್ಕೂ ಕಡಿಮೆ, ಅದರಲ್ಲಿ ಹೆಚ್ಚಿನವು ಜೈಸಲ್ಮೇರ್ ಜಿಲ್ಲೆಯಲ್ಲೇ ಇವೆ. ನಮ್ಮ ಬಳ್ಳಾರಿಯ ಸಿರುಗುಪ್ಪದ ಎರೆ ಹೊಲಗಳಲ್ಲಿ ಬೆರಳೆಣಿಕೆಯಷ್ಟು ಕಂಡಿವೆ, ಅಷ್ಟೇ. ಸಾಮಾನ್ಯವಾಗಿ ಒಂದೇ ಮೊಟ್ಟೆ, ಅದೂ ಬರೀ ನೆಲದ ಮೇಲೆ. ನಾಯಿ, ನರಿ, ಹಸುವಿನ ಗೊರಸು, ಯಾವುದರಿಂದಲೂ ಅದಕ್ಕೆ ರಕ್ಷಣೆ ಇಲ್ಲ. ಕಣ್ಣು ತಲೆಯ ಪಕ್ಕದಲ್ಲಿರುವುದರಿಂದ ಮುಂದೆ ಏನಿದೆ ಅಂತ ಸರಿಯಾಗಿ ಕಾಣುವುದಿಲ್ಲ, ವಿದ್ಯುತ್ ತಂತಿ ಕಂಡಾಗ ಆ ಭಾರದ ಮೈಯನ್ನು ತಕ್ಷಣ ತಿರುಗಿಸಲಾಗುವುದೂ ಇಲ್ಲ. ಗಾಳಿ ಗಿರಣಿ, ಸೋಲಾರ್ ಎಂದು ತಂತಿಗಳು ಹೆಚ್ಚುತ್ತಲೇ ಇವೆ. ತಂತಿಗಳನ್ನು ನೆಲದಡಿ ಹಾಕಬೇಕೆಂದು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, 2024ರಲ್ಲಿ ಆ ಆದೇಶವನ್ನು ಬದಲಿಸಿ ತಜ್ಞರ ಸಮಿತಿಗೆ ಒಪ್ಪಿಸಿತು. ಇನ್ನೊಂದು ಕಡೆ 2019ರಿಂದ ಮೊಟ್ಟೆಗಳನ್ನು ತಂದು ಸಂತಾನಾಭಿವೃದ್ಧಿ ಕೇಂದ್ರದಲ್ಲಿ ಮರಿ ಮಾಡಿಸುವ ಕೆಲಸ ನಡೆದಿದೆ, 2024ರ ಅಕ್ಟೋಬರ್‌ನಲ್ಲಿ ಕೃತಕ ಗರ್ಭಧಾರಣೆಯಿಂದ ಮೊದಲ ಮರಿ ಹುಟ್ಟಿತು. ಆ ಸುದ್ದಿ ಓದಿದಾಗ ನನಗಾದ ಖುಷಿ ಅಷ್ಟಿಷ್ಟಲ್ಲ.

ನಿಮಗೆ ಈ ಹಕ್ಕಿ ಕಾಣದೇ ಇರಬಹುದು. ಕಂಡರೆ ಗಾಡಿಯಿಂದ ಇಳಿಯಬೇಡಿ, ಹತ್ತಿರ ಹೋಗಲು ಗೈಡ್‌ಗೆ ದುಂಬಾಲು ಬೀಳಬೇಡಿ, ಧ್ವನಿ ಹಾಕಿ ಕರೆಯಬೇಡಿ. ಅದು ಕತ್ತೆತ್ತಿ ನಿಮ್ಮನ್ನೇ ನೋಡುತ್ತಾ ದೂರ ನಡೆಯಲು ಶುರು ಮಾಡಿದರೆ ನೀವು ಆಗಲೇ ತುಂಬಾ ಹತ್ತಿರ ಬಂದಿದ್ದೀರಿ ಎಂದರ್ಥ. ಫೋಟೋ ಹಾಕುವಾಗ ನಿಖರವಾದ ಜಾಗ ಬರೆಯಬೇಡಿ.

ದಿಬ್ಬಗಳನ್ನು ಕೊನೆಗೆ ಇಟ್ಟುಕೊಳ್ಳಿ. ಸಮ್‌ಗಿಂತ ಖುರಿ ಹಳ್ಳಿಯ ದಿಬ್ಬಗಳು ನಿಶ್ಶಬ್ದ, ನನ್ನ ಆಯ್ಕೆ ಅದೇ. ಅಲ್ಲಿ ರಾತ್ರಿ ಉಳಿದು ಬೆಳಿಗ್ಗೆ ಗಾಳಿ ಏಳುವ ಮುಂಚೆ ದಿಬ್ಬ ಹತ್ತಿದರೆ ರಾತ್ರಿ ಯಾರು ಓಡಾಡಿದ್ದಾರೆ ಅನ್ನುವುದು ಮರಳ ಮೇಲೆ ಬರೆದಿರುತ್ತದೆ: ಜೀರುಂಡೆಯ ಚುಕ್ಕಿ ಸಾಲು, ನರಿಯ ನೇರ ಹೆಜ್ಜೆ, ಇಲಿಯ ಜಿಗಿತ. ಓರೆಯಾಗಿ ತುಂಡು ತುಂಡು ಗೆರೆ ಕಂಡರೆ ಅದು ಗರಗಸ ಮಂಡಲದ ಹಾವಿನದ್ದಿರಬಹುದು, ಚಿಕ್ಕದು ಆದರೆ ವಿಷ ಜೋರು. ಕತ್ತಲಲ್ಲಿ ಟಾರ್ಚ್ ಮತ್ತು ಶೂ ಇಲ್ಲದೆ ಓಡಾಡಲೇಬೇಡಿ.

ಹೋಗುವಾಗ ನೀರು ಸಾಕಷ್ಟು ತುಂಬಿಕೊಳ್ಳಿ, ಹಳ್ಳಿಯವರ ಟಾಂಕಾದಿಂದ (ನೆಲದೊಳಗಿನ ನೀರಿನ ತೊಟ್ಟಿ) ಕೇಳದೆ ತೆಗೆದುಕೊಳ್ಳಬೇಡಿ, ಅದು ಅವರು ಮಳೆಯಲ್ಲಿ ಕೂಡಿಟ್ಟ ಕುಡಿಯುವ ನೀರು. ಉಳಿದ ಊಟವನ್ನು ಹೊರಗೆ ಎಸೆಯಬೇಡಿ, ಅದರಿಂದಲೇ ಬೀದಿ ನಾಯಿಗಳು ಹೆಚ್ಚುತ್ತವೆ, ಅವೇ ಮುಂದೆ ಚಿಂಕಾರ ಮರಿಗಳನ್ನೂ ಮೊಟ್ಟೆಗಳನ್ನೂ ಹಿಡಿಯುತ್ತವೆ. ದಾರಿಯಲ್ಲಿ ವಿದ್ಯುತ್ ತಂತಿಯ ಕೆಳಗೆ ಸತ್ತ ದೊಡ್ಡ ಹಕ್ಕಿ ಕಂಡರೆ ಮುಟ್ಟದೆ ಫೋಟೋ ತೆಗೆಯಿರಿ, ಫೋನಿನಲ್ಲಿ ಜಾಗ ಗುರುತು ಮಾಡಿಕೊಂಡು ಅವತ್ತೇ ಅರಣ್ಯ ಸಿಬ್ಬಂದಿಗೆ ತಿಳಿಸಿ. ನರಿ, ನಾಯಿಗಳು ಎಳೆದುಕೊಂಡು ಹೋದ ಮೇಲೆ ಆ ಸಾವು ಲೆಕ್ಕಕ್ಕೇ ಬರುವುದಿಲ್ಲ.