ಬಂಗುಡೆ ಕೊಯ್ದು ಒಳಾಂಗ ತೋರಿಸುವುದು: ನನ್ನ ಅನುಭವ

ಕಶೇರುಕಗಳ, ಅಂದರೆ ಬೆನ್ನೆಲುಬಿರುವ ಪ್ರಾಣಿಗಳ, ಒಳರಚನೆ ಮಕ್ಕಳಿಗೆ ತೋರಿಸಲು ನಾನು ಆರಿಸಿಕೊಳ್ಳುವುದು ಮಲ್ಪೆ ಬಂದರಿನ ಬಂಗುಡೆ ಮೀನನ್ನು. ಒಂದು ಗೇಣಿನಷ್ಟು ಉದ್ದದ್ದಾದರೆ ಸಾಕು. ಕ್ಲೀನ್ ಮಾಡುವುದು ಬೇಡವೆಂದು ಮೀನಿನವರಿಗೆ ಮೊದಲೇ ಹೇಳಿಬಿಡಬೇಕು. ಅವರ ಕೈ ಬಲು ಚುರುಕು. ಹೊಟ್ಟೆ ಮೆತ್ತಗಿರುವ ಮೀನು ಬೇಡ. ಸತ್ತ ಮೇಲೆ ಜೀರ್ಣರಸಗಳು ಕರುಳನ್ನೇ ಕರಗಿಸುತ್ತಾ ಹೋಗುತ್ತವೆ, ಒಳಗೆ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ. ಜೂನ್–ಜುಲೈಯಲ್ಲಿ ಬೋಟುಗಳು ಕಡಲಿಗಿಳಿಯದಾಗ ಸಿಗುವ ಫ್ರೀಜರ್ ಮೀನೂ ಆಗದು: ಮಂಜಿನ ಹರಳು ಜೀವಕೋಶಗಳನ್ನು ಒಡೆದಿರುತ್ತದೆ, ಯಕೃತ್ತು ಮುಟ್ಟಿದರೆ ಹರಿಯುತ್ತದೆ.

ಮೀನಿನ ತಲೆ ನಮ್ಮ ಎಡಕ್ಕೆ. ಕತ್ತರಿಯ ಮೊಂಡು ತುದಿಯನ್ನು ಗುದದ್ವಾರದಲ್ಲಿ ತೂರಿಸಿ, ಹೊಟ್ಟೆಯ ನಡುಗೆರೆಯಲ್ಲೇ ಗಂಟಲಿನವರೆಗೆ ಕತ್ತರಿಸಬೇಕು. ತುದಿ 2–3 ಮಿ.ಮೀ.ಗಿಂತ ಆಳಕ್ಕಿಳಿದರೆ ಕರುಳು ಸೀಳುತ್ತದೆ. ಪಿತ್ತಕೋಶಕ್ಕೆ ತಾಗಿದರಂತೂ ಎಲ್ಲವೂ ಹಸಿರು, ಆಮೇಲೆ ತೊಳೆದೂ ಪ್ರಯೋಜನವಿಲ್ಲ. ಮತ್ತೆ ಗುದದ್ವಾರದಿಂದ ಮೇಲಕ್ಕೆ ಹೋಗಿ, ಬೆನ್ನೆಲುಬಿನ ಕೆಳಗೇ ಕಿವಿರು ಮುಚ್ಚಳದವರೆಗೆ ಕತ್ತರಿಸಿ ಪಕ್ಕೆಯ ಗೋಡೆ ಎತ್ತಿದರಾಯಿತು.

ಹೃದಯವನ್ನು ಹೊಟ್ಟೆಯಲ್ಲಿ ಹುಡುಕಬೇಡಿ. ಅದು ತೆಳು ಪರದೆಯ ಆಚೆ, ಗಂಟಲಲ್ಲಿ, ಕಿವಿರುಗಳ ಹಿಂದೆಯೇ ಇರುತ್ತದೆ. ಸಾರಿಗೆ ಕೊಯ್ಯುವಂತೆ ತಲೆ ಕಡಿದರೆ ಅದೂ ಹೋಯಿತು. ಒಂದು ಹೃತ್ಕರ್ಣ, ಒಂದು ಹೃತ್ಕುಕ್ಷಿ, ಮುಂದೆ ರಕ್ತನಾಳದ ಬುಡ ಉಬ್ಬಿದಂತಿರುವ ಬಿಳಿಯ ಗಡ್ಡೆ. ಹೃದಯ ದೂಡಿದ ರಕ್ತ ನೇರ ಕಿವಿರಿಗೆ ಹೋಗಿ, ಅಲ್ಲಿಂದಲೇ ಮೈಗೆಲ್ಲ ಹರಿಯುತ್ತದೆ; ನಮ್ಮಲ್ಲಿಯಂತೆ ನಡುವೆ ಹೃದಯಕ್ಕೆ ಮರಳುವುದಿಲ್ಲ.

ಒಂದು ಕಿವಿರು ಕಮಾನನ್ನು ಬುಡದಿಂದ ಕತ್ತರಿಸಿ ನೀರಿನ ತಟ್ಟೆಯಲ್ಲಿಡಿ. ಕೆಂಪು ಎಳೆಗಳು ಬಿಡಿಬಿಡಿಯಾಗಿ ಅರಳುತ್ತವೆ. ಹೊರಗೆತ್ತಿದ ಕೂಡಲೇ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನೀರಿನಿಂದ ತೆಗೆದ ಮೀನು ಗಾಳಿಯಲ್ಲೇ ಉಸಿರುಗಟ್ಟುವುದು ಏಕೆಂದು ಆಮೇಲೆ ವಿವರಿಸಬೇಕಾಗಿಲ್ಲ. ಕಮಾನಿನ ಇನ್ನೊಂದು ಬದಿಯಲ್ಲಿ ಗರಿಯಂಥ ಉದ್ದ ಕಡ್ಡಿಗಳಿವೆ. ಬಂಗುಡೆ ಪ್ಲವಕಗಳನ್ನು, ಅಂದರೆ ನೀರಲ್ಲಿ ತೇಲುವ ಸಣ್ಣ ಜೀವಿಗಳನ್ನು, ಸೋಸಿ ತಿನ್ನುವುದು ಅವುಗಳಿಂದ. ಕರುಳು ಬಿಡಿಸಿ ಅಳೆದರೆ ಮೈಗಿಂತ ಉದ್ದ.

ಕೊನೆಗೆ ಎಲ್ಲ ತೆಗೆದಾಗ ಬೆನ್ನೆಲುಬಿಗಂಟಿ ಉಳಿಯುವ ಕಡುಗೆಂಪು ಪಟ್ಟಿ. ಮನೆಗಳಲ್ಲಿ ಹೆಪ್ಪುಗಟ್ಟಿದ ರಕ್ತವೆಂದು ಉಗುರಿನಿಂದ ಕೆರೆದು ತೆಗೆಯುವುದು ಇದನ್ನೇ. ಅದು ಮೂತ್ರಪಿಂಡ.

ಕೊಯ್ದು ಮೇಜಿನ ಮೇಲಿಟ್ಟ ಬಂಗುಡೆಯನ್ನು ಆಮೇಲೆ ಸಾರಿಗೆ ಹಾಕಬೇಡಿ. ಸೆಖೆಯಲ್ಲಿ ಅದರ ಮಾಂಸದಲ್ಲಿ ಹಿಸ್ಟಮಿನ್ ಎಂಬ, ಅಲರ್ಜಿಯಂಥ ತೊಂದರೆ ತರುವ ವಸ್ತು ಹೆಚ್ಚುತ್ತದೆ, ಕುದಿಸಿದರೂ ಹೋಗುವುದಿಲ್ಲ.